ಬಿಗಿತವೇ ಭದ್ರತೆಯಲ್ಲ: ಟ್ರ್ಯಾಕ್ಟರ್ ಫಿಲ್ಟರ್ ಕುರಿತ ಒಂದು ರೂಢ ನಂಬಿಕೆಯ ಖಂಡನೆ

ಟ್ರ್ಯಾಕ್ಟರ್‌ನ ನಿಯತ ನಿರ್ವಹಣೆಯಲ್ಲಿ ಎಂಜಿನ್ ಆಯಿಲ್ ಫಿಲ್ಟರ್ ಬದಲಾಯಿಸುವ ಕೆಲಸವನ್ನು ಎಲ್ಲಕ್ಕಿಂತ ಸುಲಭವಾದದ್ದೆಂದು ಎಣಿಸುವುದು ವಾಡಿಕೆ. ಹಳೆಯದನ್ನು ತಿರುಗಿಸಿ ತೆಗೆಯುವುದು, ಹೊಸದನ್ನು ತಿರುಗಿಸಿ ಹಾಕುವುದು, ಇಷ್ಟರಲ್ಲಿ ಮುಗಿಯಬೇಕಾದ ಈ ಕೆಲಸವು ರಾಯಚೂರು, ಕೊಪ್ಪಳ ಜಿಲ್ಲೆಗಳ ಭತ್ತದ ಸೀಮೆಯಿಂದ ಬೆಳಗಾವಿ, ಬಾಗಲಕೋಟೆಗಳ ಕಬ್ಬಿನ ಸೀಮೆಯವರೆಗೆ ರಸ್ತೆ ಬದಿಯ ಗ್ಯಾರೇಜುಗಳಲ್ಲಿಯೂ ರೈತರ ಮನೆಯಂಗಳಗಳಲ್ಲಿಯೂ ಆಗಾಗ ಒಂದು ಜಗ್ಗಾಟವಾಗಿ ಮಾರ್ಪಡುತ್ತದೆ: ಫಿಲ್ಟರ್ ಕೈಗೆ ಮಣಿಯುವುದಿಲ್ಲ, ಸುತ್ತಿದ ಪಟ್ಟಿ ಜಾರುತ್ತದೆ, ಕೊನೆಗೆ ಉದ್ದನೆಯ ಸ್ಕ್ರೂಡ್ರೈವರ್ ಒಂದನ್ನು ಸುತ್ತಿಗೆಯಿಂದ ಅದರ ಹೊಟ್ಟೆಗೆ ಹೊಡೆದು, ಅದನ್ನೇ ಹಿಡಿಯಾಗಿಸಿಕೊಂಡು ತಿರುಗಿಸುವ ಹಂತಕ್ಕೆ ಕೆಲಸ ಬಂದು ನಿಲ್ಲುತ್ತದೆ. ಈ ಜಗ್ಗಾಟದ ಸುತ್ತ ಬೆಳೆದಿರುವ ನಂಬಿಕೆಯೊಂದು ಪರೀಕ್ಷೆಗೆ ಒಳಗಾಗದೆಯೇ ತಲೆಮಾರಿನಿಂದ ತಲೆಮಾರಿಗೆ ದಾಟಿಬಂದಿದ್ದು, ಮಿಸ್ತ್ರಿಯಿಂದ ಶಿಷ್ಯನಿಗೂ ಮಾಲೀಕನಿಂದ ಚಾಲಕನಿಗೂ ಅದೇ ಪಾಠವಾಗಿ ತಲುಪುತ್ತಿದೆ.

ಆ ನಂಬಿಕೆಗೆ ಮೂರು ಅಂಗಗಳಿವೆ. ಫಿಲ್ಟರನ್ನು ಬಿಗಿದಷ್ಟೂ ಕ್ಷೇಮ, ಸ್ವಲ್ಪ ಸಡಿಲವಾದರೂ ಆಯಿಲ್ ಸೋರಿ ಎಂಜಿನ್ ಹಾಳಾಗುತ್ತದೆ ಎಂಬುದು ಮೊದಲನೆಯದು. ಬಿಚ್ಚುವಾಗ ಫಿಲ್ಟರ್ ಹಿಡಿದುಕೊಂಡರೆ ಅದು ಮಣ್ಣು, ಧೂಳು, ಶಾಖಗಳ ಸಹಜ ಫಲ, ಅದಕ್ಕೆ ಯಾರೂ ಹೊಣೆಯಲ್ಲ ಎಂಬುದು ಎರಡನೆಯದು. ಹೇಗಿದ್ದರೂ ಎಸೆಯುವ ವಸ್ತುವಾದ್ದರಿಂದ ಅದನ್ನು ಚುಚ್ಚಿ, ಸೀಳಿ, ಒಡೆದು ತೆಗೆದರೂ ನಷ್ಟವೇನಿಲ್ಲ ಎಂಬುದು ಮೂರನೆಯದು. ಈ ಮೂರೂ ತಪ್ಪೆಂಬುದನ್ನು, ಮೂರರ ಬೇರೂ ಒಂದೇ ತಪ್ಪು ತಿಳಿವಳಿಕೆಯಲ್ಲಿದೆ ಎಂಬುದನ್ನು ಸ್ಥಾಪಿಸುವುದು ಈ ಲೇಖನದ ಉದ್ದೇಶ. ಬಿಚ್ಚುವ ದಿನ ಕಾಡುವ ಫಿಲ್ಟರ್ ಬಹುಪಾಲು ಸಂದರ್ಭಗಳಲ್ಲಿ ಹಾಕಿದ ದಿನವೇ ಕೆಟ್ಟಿರುತ್ತದೆ. ಆದ್ದರಿಂದ ಅದನ್ನು ತೋಳ್ಬಲದ ಪ್ರಶ್ನೆಯೆಂದು ಕಾಣುವವರೆಗೆ ಅದರ ಪರಿಹಾರ ಸಾಧ್ಯವಿಲ್ಲ.

ವಾದಕ್ಕೆ ಇಳಿಯುವ ಮೊದಲು ಈ ವಸ್ತುವಿನ ರಚನೆಯನ್ನು ತಿಳಿದುಕೊಳ್ಳಬೇಕು, ಏಕೆಂದರೆ ಮೇಲಿನ ನಂಬಿಕೆಯ ಆಯುಷ್ಯವೆಲ್ಲ ರಚನೆಯ ಅಜ್ಞಾನದ ಮೇಲೆಯೇ ನಿಂತಿದೆ. ಇಂದು ಮಾರಾಟವಾಗುವ ಬಹುತೇಕ ಟ್ರ್ಯಾಕ್ಟರ್‌ಗಳಲ್ಲಿರುವುದು ಸ್ಪಿನ್-ಆನ್ ಫಿಲ್ಟರ್, ಅಂದರೆ ಇಡಿಯಾಗಿ ತಿರುಗಿಸಿ ಕೂರಿಸುವ, ಕೆಲಸ ಮುಗಿದ ಮೇಲೆ ಇಡಿಯಾಗಿ ತೆಗೆದುಹಾಕುವ ಡಬ್ಬಿಯಾಕಾರದ ಫಿಲ್ಟರ್. ಅದರ ಮೈ ತೆಳುವಾದ ಉಕ್ಕಿನ ತಗಡಿನದು. ಡಬ್ಬಿಯ ತೆರೆದ ಬಾಯಿಗೆ ಅದಕ್ಕಿಂತ ಬಹಳ ದಪ್ಪನೆಯ ಉಕ್ಕಿನ ತಟ್ಟೆಯೊಂದನ್ನು ಕೂರಿಸಿ, ತಗಡಿನ ಅಂಚನ್ನು ಮಡಚಿ ಬಂಧಿಸಿರುತ್ತಾರೆ. ಈ ತಟ್ಟೆಯ ನಡುವೆ ಥ್ರೆಡ್ ಕೊರೆದ ದೊಡ್ಡ ರಂಧ್ರವೂ ಅದರ ಸುತ್ತ ಸಣ್ಣ ರಂಧ್ರಗಳ ಸಾಲೂ ಹೊರ ಅಂಚಿನ ತೋಡಿನಲ್ಲಿ ಒಂದು ರಬ್ಬರ್ ಉಂಗುರವೂ ಇರುತ್ತವೆ. ಈ ಉಂಗುರವೇ ಗ್ಯಾಸ್ಕೆಟ್. ಎಂಜಿನ್‌ನ ಬದಿಯಲ್ಲಿ ಫಿಲ್ಟರ್ ಕೂರುವ ಜಾಗವನ್ನು ಫಿಲ್ಟರ್ ಹೆಡ್ ಎನ್ನುತ್ತಾರೆ. ಅದರ ಮುಖವನ್ನು ನಯವಾಗಿ, ಸಮತಟ್ಟಾಗಿ ಕೊರೆದಿರುತ್ತಾರೆ, ನಡುವೆ ನಿಪ್ಪಲ್ ಎಂಬ ಟೊಳ್ಳಾದ ಥ್ರೆಡ್ ಕೊಳವೆ ಹೊರಚಾಚಿರುತ್ತದೆ. ಪಂಪು ತಳ್ಳಿದ ಆಯಿಲ್ ಸುತ್ತಲಿನ ಸಣ್ಣ ರಂಧ್ರಗಳಿಂದ ಡಬ್ಬಿಯೊಳಗೆ ಇಳಿದು, ಮಡಿಕೆ ಮಡಿಕೆಯಾದ ಕಾಗದದ ಮೂಲಕ ಹೊರಗಿನಿಂದ ಒಳಕ್ಕೆ ಸೋಸಿಕೊಂಡು, ನಡುವಿನ ನಿಪ್ಪಲ್ ಮೂಲಕ ಬೇರಿಂಗ್‌ಗಳ ಕಡೆಗೆ ಹೋಗುತ್ತದೆ.

ಈ ರಚನೆಯಲ್ಲಿ ಆಯಿಲ್ ಹೊರಗೆ ಬಾರದಂತೆ ತಡೆಯುವುದು ಯಾವುದು ಎಂಬುದೇ ಇಡೀ ವಿವಾದದ ಕೀಲಿ. ಬಿಗಿತವೇ ತಡೆಯುತ್ತದೆ ಎಂದು ರೂಢ ಮತ ಹೇಳುತ್ತದೆ. ವಾಸ್ತವದಲ್ಲಿ ತಡೆಯುವುದು ರಬ್ಬರಿನ ಪುಟಿತ. ಅದುಮಿದ ರಬ್ಬರ್ ಮೊದಲಿನ ಆಕಾರಕ್ಕೆ ಮರಳಲು ಹವಣಿಸುತ್ತ, ತನ್ನನ್ನು ಅದುಮಿದ ಎರಡೂ ಮುಖಗಳನ್ನು ಎಡೆಬಿಡದೆ ಒತ್ತುತ್ತಿರುತ್ತದೆ. ಆ ಒತ್ತುವಿಕೆಯೇ ಸೋರಿಕೆಗೆ ಬೇಲಿ. ಅಡುಗೆಮನೆಯ ಕುಕ್ಕರ್ ಹಬೆಯನ್ನು ತಡೆಹಿಡಿಯುವುದೂ ಹೀಗೆಯೇ: ಅದರ ಮುಚ್ಚಳಕ್ಕೆ ಯಾರೂ ಪಾನಾ ಹಾಕಿ ಬಿಗಿಯುವುದಿಲ್ಲ, ಗ್ಯಾಸ್ಕೆಟ್ ಮೆತ್ತಗಿರುವವರೆಗೆ ಹಬೆ ಹೊರಬರುವುದಿಲ್ಲ, ಗ್ಯಾಸ್ಕೆಟ್ ಗಡುಸಾದ ಮೇಲೆ ಎಷ್ಟು ಒತ್ತಿ ಹಿಡಿದರೂ ಹಬೆ ನಿಲ್ಲುವುದಿಲ್ಲ. ಫಿಲ್ಟರ್ ತಯಾರಕರು ಡಬ್ಬಿಯ ಮೇಲೆಯೇ ಚಿತ್ರ ಸಹಿತ ಮುದ್ರಿಸುವ ಸೂಚನೆಗೆ ಇದೇ ಆಧಾರ: ಗ್ಯಾಸ್ಕೆಟ್ ಹೆಡ್‌ನ ಮುಖಕ್ಕೆ ತಾಗುವವರೆಗೆ ಕೈಯಿಂದ ತಿರುಗಿಸಬೇಕು, ತಾಗಿದ ಮೇಲೆ ಇನ್ನು ಸುಮಾರು ಮುಕ್ಕಾಲು ಸುತ್ತು, ಅದೂ ಕೈಯಿಂದಲೇ. ಕೆಲವು ಮಾದರಿಗಳಿಗೆ ಅರ್ಧ ಸುತ್ತು, ಕೆಲವಕ್ಕೆ ಒಂದು ಸುತ್ತು ಎಂದು ಹೇಳುವುದುಂಟು. ಅದಕ್ಕಿಂತ ಹೆಚ್ಚು ಕೇಳುವ ಫಿಲ್ಟರ್ ವಿರಳ.

ಈ ಮುಕ್ಕಾಲು ಸುತ್ತು ಅಂದಾಜಿನ ಮಾತಲ್ಲ. ಇಂಥ ಫಿಲ್ಟರ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಥ್ರೆಡ್‌ನ ಅಂತರ, ಅಂದರೆ ಒಂದು ಪೂರ್ಣ ಸುತ್ತಿಗೆ ಫಿಲ್ಟರ್ ಮುಂದೆ ಸಾಗುವ ದೂರ, ಸುಮಾರು 1.5 ಮಿಲಿಮೀಟರ್. ಮುಕ್ಕಾಲು ಸುತ್ತಿನಲ್ಲಿ ಅದು ಸಾಗುವುದು ಸುಮಾರು 1.1 ಮಿಲಿಮೀಟರ್, ಗ್ಯಾಸ್ಕೆಟ್ ಅಷ್ಟೇ ಅದುಮಲ್ಪಡುತ್ತದೆ, ಅದಕ್ಕೆ ಬೇಕಾದದ್ದೂ ಅಷ್ಟೇ. ಇದರ ಮೇಲೆ ಪಾನಾ ಹಾಕಿ ಇನ್ನೊಂದು ಸುತ್ತು ತಿರುಗಿಸಿದವನು ಗ್ಯಾಸ್ಕೆಟನ್ನು ಎರಡೂವರೆ ಮಿಲಿಮೀಟರಿಗೂ ಹೆಚ್ಚು ಅದುಮಲು ಹೊರಟಿರುತ್ತಾನೆ. ತೋಡಿನಿಂದ ಹೊರಗೆ ಉಬ್ಬಿ ನಿಂತಿರುವ ರಬ್ಬರಿನ ಎತ್ತರವೇ ಕೆಲವು ಮಿಲಿಮೀಟರ್‌ಗಳಾಗಿರುವಾಗ ಇದರ ಪರಿಣಾಮವೇನೆಂದು ಊಹಿಸುವುದು ಕಷ್ಟವಲ್ಲ: ರಬ್ಬರ್ ತೋಡಿನಲ್ಲಿ ನಜ್ಜುಗುಜ್ಜಾಗುತ್ತದೆ, ಅಂಚಿನಿಂದ ಹೊರಗೆ ಹಿಂಡಿಕೊಳ್ಳುತ್ತದೆ, ತಗಡಿನ ಅಂಚು ಹೆಡ್‌ನ ಮುಖವನ್ನು ಸಮೀಪಿಸುತ್ತದೆ, ಆಮೇಲೆ ಹೆಚ್ಚುವುದು ಥ್ರೆಡ್‌ನ ಮೇಲಿನ ಎಳೆತವೇ ಹೊರತು ಸೋರಿಕೆಯ ತಡೆಯಲ್ಲ.

ಬಿಗಿತದ ಪಕ್ಷಪಾತಿಗಳು ಇಲ್ಲಿ ಎರಡು ಆಕ್ಷೇಪಗಳನ್ನು ಎತ್ತುತ್ತಾರೆ. ಎರಡೂ ಗಂಭೀರವಾದವು, ಎರಡಕ್ಕೂ ಉತ್ತರ ಹೇಳಬೇಕು. ಎಂಜಿನ್‌ನೊಳಗಿನ ಆಯಿಲ್ ಒತ್ತಡವೇ ಫಿಲ್ಟರನ್ನು ಹೊರಕ್ಕೆ ತಳ್ಳುತ್ತಿರುವಾಗ ಕೈಯ ಬಿಗಿತ ಹೇಗೆ ಸಾಕಾದೀತು ಎಂಬುದು ಮೊದಲ ಆಕ್ಷೇಪ. ಒತ್ತಡ ತಳ್ಳುತ್ತದೆ ಎಂಬುದು ನಿಜ. ಗ್ಯಾಸ್ಕೆಟ್‌ನ ಒಳವ್ಯಾಸ 6 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಅದರೊಳಗಿನ ವಿಸ್ತೀರ್ಣ ಸುಮಾರು 28 ಚದರ ಸೆಂಟಿಮೀಟರ್. ಆಯಿಲ್ ಒತ್ತಡ ಚದರ ಸೆಂಟಿಮೀಟರಿಗೆ 4 ಕಿಲೋ ಇದ್ದರೆ ಫಿಲ್ಟರನ್ನು ಹೆಡ್‌ನಿಂದ ದೂರ ತಳ್ಳುವ ಬಲ 110 ಕಿಲೋ ದಾಟುತ್ತದೆ. ಆದರೆ ಆ ಬಲವನ್ನು ಹೊರುವುದು ನಿಪ್ಪಲ್‌ನ ಥ್ರೆಡ್ ಮತ್ತು ದಪ್ಪ ತಟ್ಟೆ. ತಟ್ಟೆಯನ್ನು ಅಷ್ಟು ದಪ್ಪ ಮಾಡಿರುವುದೇ ಅದಕ್ಕಾಗಿ. ಒತ್ತಡಕ್ಕೆ ತಟ್ಟೆ ಬಾಗುವುದು ಅತ್ಯಲ್ಪ; ಒಂದು ಮಿಲಿಮೀಟರಿನಷ್ಟು ಅದುಮಲ್ಪಟ್ಟ ರಬ್ಬರ್ ಆ ಅತ್ಯಲ್ಪ ಬಾಗುವಿಕೆಯನ್ನು ಹಿಂಬಾಲಿಸಿ ಜಾಗ ತುಂಬುತ್ತದೆ. ಪಾನಾ ಹಾಕಿ ಬಿಗಿಯುವುದರಿಂದ ತಟ್ಟೆಯ ದಪ್ಪವೂ ಹೆಚ್ಚುವುದಿಲ್ಲ, ಥ್ರೆಡ್‌ನ ಶಕ್ತಿಯೂ ಹೆಚ್ಚುವುದಿಲ್ಲ. ಎರಡರ ಮೇಲೂ ಮೊದಲೇ ಒಂದು ಭಾರ ಹೇರಿಟ್ಟಂತಾಗುತ್ತದೆ, ಅಷ್ಟೇ.

ಟ್ರ್ಯಾಕ್ಟರ್ ಕಾರಿನಂತಲ್ಲ, ಉಳುಮೆಯಲ್ಲಿ, ರೋಟವೇಟರ್ ಹೊಡೆತದಲ್ಲಿ, ತುಂಬಿದ ಟ್ರೈಲರ್ ಎಳೆಯುವಾಗ ಅದು ಮೈಯೆಲ್ಲ ನಡುಗುತ್ತದೆ, ಆ ನಡುಗುವಿಕೆಗೆ ಸಡಿಲ ಫಿಲ್ಟರ್ ಬಿಚ್ಚಿಕೊಳ್ಳುತ್ತದೆ ಎಂಬುದು ಎರಡನೆಯ ಆಕ್ಷೇಪ. ನಡುಗುವಿಕೆಗೆ ಬಿಚ್ಚಿಕೊಳ್ಳುವುದು ಅದುಮುವಿಕೆಯೇ ಇಲ್ಲದ ಫಿಲ್ಟರ್. ಮುಕ್ಕಾಲು ಸುತ್ತು ಪಡೆದ ಫಿಲ್ಟರಿನಲ್ಲಿ ಇಡೀ ಗ್ಯಾಸ್ಕೆಟ್ ಹೆಡ್‌ನ ಮುಖವನ್ನು ಕಚ್ಚಿಕೊಂಡಿರುತ್ತದೆ, ಫಿಲ್ಟರ್ ತಿರುಗದಂತೆ ತಡೆಯುವ ಘರ್ಷಣೆ ಅದರ ಅಗಲವಾದ ಉಂಗುರದುದ್ದಕ್ಕೂ ಹರಡಿರುತ್ತದೆ. ಅತಿಯಾಗಿ ಬಿಗಿದ ಫಿಲ್ಟರಿನ ಸ್ಥಿತಿಯಾದರೋ ಬೇರೆ. ಶಾಖದಲ್ಲಿ, ಅತಿಯಾದ ಅದುಮುವಿಕೆಯಲ್ಲಿ ನೂರಾರು ಗಂಟೆ ಕಳೆದ ರಬ್ಬರ್ ತನ್ನ ಪುಟಿತವನ್ನು ಕಳೆದುಕೊಂಡು ಚಪ್ಪಟೆಯಾಗಿಯೇ ಉಳಿಯುತ್ತದೆ, ಗಡುಸಾಗುತ್ತದೆ, ಕೆಲವೊಮ್ಮೆ ಬಿರಿಯುತ್ತದೆ. ಎಂಜಿನ್ ಕಾದಾಗ ಹಿಗ್ಗಿ, ತಣಿದಾಗ ಕುಗ್ಗುವ ಲೋಹದ ಮುಖಗಳನ್ನು ಹಿಂಬಾಲಿಸುವ ಶಕ್ತಿ ಅದಕ್ಕೆ ಉಳಿದಿರುವುದಿಲ್ಲ. ಹೀಗೆ ಸೋರಿಕೆಗೆ ಹೆದರಿ ಮಾಡಿದ ಬಿಗಿತವೇ ಸೋರಿಕೆಗೆ ದಾರಿ ಮಾಡುತ್ತದೆ. ಸೋರಿಕೆ ಕಂಡಾಗ ಮಿಸ್ತ್ರಿ ಇನ್ನಷ್ಟು ಬಿಗಿಯುತ್ತಾನೆ, ತಪ್ಪು ತನ್ನನ್ನು ತಾನೇ ಸಮರ್ಥಿಸಿಕೊಳ್ಳುತ್ತ ಬಲಿಯುತ್ತದೆ.

ಡೀಸೆಲ್ ಫಿಲ್ಟರಿನಲ್ಲಿ ಇದೇ ತಪ್ಪು ಇನ್ನೊಂದು ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಪಂಪಿನ ಎಳೆತದ ಬದಿಯಲ್ಲಿ ಗ್ಯಾಸ್ಕೆಟ್ ಹದಗೆಟ್ಟರೆ ಡೀಸೆಲ್ ಹೊರಬರುವ ಬದಲು ಗಾಳಿ ಒಳಸೇರುತ್ತದೆ. ರೈತರು ಏರ್ ಹಿಡಿಯಿತು ಎಂದು ಹೇಳುವ, ಎಂಜಿನ್ ನಡುವೆಯೇ ನಿಂತುಹೋಗುವ ತೊಂದರೆಗೆ ಇದೂ ಒಂದು ಕಾರಣ. ಏರ್ ತೆಗೆದು ಮತ್ತೆ ಚಾಲೂ ಮಾಡಿದ ಮೇಲೆ ಅಪರಾಧಿಯನ್ನು ಪೈಪಿನಲ್ಲಿ, ಪಂಪಿನಲ್ಲಿ, ಡೀಸೆಲ್‌ನ ಗುಣದಲ್ಲಿ ಹುಡುಕುತ್ತಾರೆ. ಹಿಂದಿನ ಸಲ ಪಾನಾ ಹಾಕಿ ಬಿಗಿದ ಕೈಯನ್ನು ಯಾರೂ ನೆನೆಯುವುದಿಲ್ಲ.

ಇಷ್ಟು ತಪ್ಪಾದ ಮತವು ಇಷ್ಟು ವ್ಯಾಪಕವಾಗಿ ಬೆಳೆದದ್ದಕ್ಕೆ ಒಂದು ಚಾರಿತ್ರಿಕ ಕಾರಣವಿದೆ, ಅದನ್ನು ಗುರುತಿಸುವುದು ನ್ಯಾಯ. ಸ್ಪಿನ್-ಆನ್ ಫಿಲ್ಟರ್ ಅಮೆರಿಕದಲ್ಲಿ ಬಳಕೆಗೆ ಬಂದದ್ದು 1950ರ ದಶಕದಲ್ಲಿ; ಅದಕ್ಕೂ ಮುಂಚಿನ, ಆಮೇಲೆಯೂ ಬಹಳ ಕಾಲ ಉಳಿದ ವಿನ್ಯಾಸದಲ್ಲಿ ಸೋಸುವ ಕಾಗದದ ತಿರುಳು ಒಂದು ಗಟ್ಟಿ ಬಟ್ಟಲಿನೊಳಗೆ ಕೂರುತ್ತಿತ್ತು, ಆ ಬಟ್ಟಲನ್ನು ನಡುವಿನ ಒಂದು ಉದ್ದನೆಯ ಬೋಲ್ಟ್ ಹೆಡ್‌ಗೆ ಎಳೆದು ಹಿಡಿಯುತ್ತಿತ್ತು. ಹಳೆಯ ಟ್ರ್ಯಾಕ್ಟರ್‌ಗಳ ಆಯಿಲ್ ಫಿಲ್ಟರ್‌ಗಳಲ್ಲಿ, ಇಂದಿಗೂ ಹಲವು ಟ್ರ್ಯಾಕ್ಟರ್‌ಗಳ ಡೀಸೆಲ್ ಫಿಲ್ಟರ್‌ಗಳಲ್ಲಿ ಈ ನಡುಬೋಲ್ಟಿನ ವ್ಯವಸ್ಥೆಯನ್ನು ಕಾಣಬಹುದು. ಅಲ್ಲಿ ಪಾನಾ ಅನಿವಾರ್ಯ, ಏಕೆಂದರೆ ಬಿಗಿಯುವುದು ಬೋಲ್ಟು. ಆ ವಿನ್ಯಾಸದ ಮೇಲೆ ಕೈ ಪಳಗಿಸಿಕೊಂಡ ಮಿಸ್ತ್ರಿಗಳು ಹೊಸ ವಿನ್ಯಾಸ ಬಂದಾಗ ಹಳೆಯ ಅಭ್ಯಾಸವನ್ನು ಅದರ ಮೇಲೂ ಹೇರಿದರು. ಉಪಕರಣ ಬದಲಾಯಿತು, ನಿಯಮ ಬದಲಾಗಲಿಲ್ಲ. ನಡುಬೋಲ್ಟಿನಲ್ಲಿಯೂ ಅತಿಬಿಗಿತ ನಿರಪಾಯಕಾರಿಯಾಗಿರಲಿಲ್ಲ, ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ ಕಿತ್ತುಹೋಗಿ ಇಡೀ ಹೆಡ್ ಬದಲಾಯಿಸಬೇಕಾದ ಸಂದರ್ಭಗಳು ಆ ಕಾಲದಲ್ಲಿಯೂ ಇದ್ದವು ಎಂಬುದನ್ನು ಇಲ್ಲಿ ನೆನೆದರೆ ಸಾಕು.

ಈಗ ಎರಡನೆಯ ಅಂಗಕ್ಕೆ ಬರಬೇಕು. ಫಿಲ್ಟರ್ ಹಿಡಿದುಕೊಳ್ಳುವುದು ತುಕ್ಕಿನಿಂದ, ಮಣ್ಣಿನಿಂದ ಎಂಬ ಊಹೆಯನ್ನು ರಚನೆಯೇ ಅಲ್ಲಗಳೆಯುತ್ತದೆ. ಥ್ರೆಡ್ ಇರುವುದು ಗ್ಯಾಸ್ಕೆಟ್ ಉಂಗುರದ ಒಳಗೆ, ಸದಾ ಆಯಿಲ್‌ನಲ್ಲಿ ನೆನೆಯುವ ಜಾಗದಲ್ಲಿ. ಅಲ್ಲಿಗೆ ನೀರೂ ಮಣ್ಣೂ ತಲುಪುವುದಿಲ್ಲ, ತುಕ್ಕು ಹಿಡಿಯಲು ಅವಕಾಶವೇ ಇಲ್ಲ. ತುಕ್ಕು ಬಿಡಿಸುವ ಎಣ್ಣೆಯನ್ನು ಹೊರಗಿನಿಂದ ಸಿಂಪಡಿಸಿ ಕಾಯುವವರು ನಿರಾಶರಾಗುವುದು ಇದೇ ಕಾರಣಕ್ಕೆ. ಹಿಡಿದುಕೊಂಡಿರುವುದು ಗ್ಯಾಸ್ಕೆಟ್, ಅದು ಹಿಡಿದುಕೊಳ್ಳಲು ಮುಖ್ಯವಾಗಿ ನಾಲ್ಕು ಕಾರಣಗಳಿವೆ, ನಾಲ್ಕೂ ಮನುಷ್ಯನ ಕೈಯಲ್ಲಿರುವಂಥವು. ಹಾಕುವಾಗ ಗ್ಯಾಸ್ಕೆಟ್‌ಗೆ ಆಯಿಲ್ ಸವರದಿದ್ದರೆ ಒಣ ರಬ್ಬರ್ ಲೋಹದ ಮೇಲೆ ಜಾರುವ ಬದಲು ಎಳೆದಾಡಿ ತಿರುಚಿಕೊಳ್ಳುತ್ತದೆ, ಆಮೇಲೆ ಶಾಖಕ್ಕೆ ಲೋಹಕ್ಕೇ ಅಂಟಿಕೊಳ್ಳುತ್ತದೆ. ಹೆಡ್‌ನ ಮುಖವನ್ನು ಒರೆಸದೆ ಹಾಕಿದರೆ ಹಳೆಯ ರಬ್ಬರಿನ ಚೂರು, ಮಣ್ಣು, ಬಣ್ಣದ ಪದರ ಇವೆಲ್ಲ ಹೊಸ ಗ್ಯಾಸ್ಕೆಟ್ ಜೊತೆ ಬೆಸೆದುಕೊಳ್ಳುತ್ತವೆ. ಅತಿಯಾಗಿ ಬಿಗಿದರೆ ರಬ್ಬರ್ ಮುಖದ ಸಣ್ಣ ಸಣ್ಣ ಗೀರುಗಳೊಳಗೂ ಹೊಕ್ಕು ಕಚ್ಚುತ್ತದೆ. ಕಂಪನಿ ಹೇಳಿದ ಅವಧಿ ಮೀರಿ, ಅನೇಕ ಮಾದರಿಗಳಿಗೆ 250 ಗಂಟೆ ಎಂದಿರುವುದನ್ನು ಅದರ ಎರಡರಷ್ಟು, ಮೂರರಷ್ಟು ಎಳೆದರೆ ರಬ್ಬರ್ ಗಡುಸಾಗಿ ಮೊಂಡಾಗುತ್ತದೆ. ಇವುಗಳಲ್ಲಿ ಯಾವುದೂ ಪ್ರಕೃತಿಯ ಕೆಲಸವಲ್ಲ. ಸರಿಯಾಗಿ ಹಾಕಿದ ಫಿಲ್ಟರೂ ಬಿಚ್ಚುವಾಗ ಸ್ವಲ್ಪ ಹೆಚ್ಚು ಬಲ ಕೇಳಬಹುದು, ಅದಕ್ಕೆ ಪಟ್ಟಿಯ ಸಹಾಯ ಬೇಕಾಗಬಹುದು ಎಂಬುದನ್ನು ಒಪ್ಪಬೇಕು. ಆದರೆ ಪಟ್ಟಿಗೂ ಬಗ್ಗದ ಫಿಲ್ಟರ್ ಎಂದರೆ ಅದರ ಹಿಂದೆ ಒಂದು ಅಜಾಗರೂಕತೆ ಇದ್ದೇ ಇರುತ್ತದೆ.

ಮೂರನೆಯ ಅಂಗವಾದ ಸ್ಕ್ರೂಡ್ರೈವರ್ ಉಪಾಯವನ್ನು ಅನೇಕರು ಅನುಭವಸಿದ್ಧ ತಂತ್ರವೆಂದು ಸಮರ್ಥಿಸುತ್ತಾರೆ, ಎಷ್ಟೋ ಸಲ ಅದರಿಂದ ಫಿಲ್ಟರ್ ಬಂದಿದೆ ಎಂದು ಸಾಕ್ಷಿ ಹೇಳುತ್ತಾರೆ. ಸಾಕ್ಷಿ ನಿಜವಿರಬಹುದು, ಅದರಿಂದ ತೆಗೆದ ತೀರ್ಮಾನ ತಪ್ಪು. ಪಟ್ಟಿಯ ರೆಂಚ್ ಡಬ್ಬಿಯ ಸುತ್ತಳತೆಯನ್ನೆಲ್ಲ ಹಿಡಿದು ಬಲವನ್ನು ಹಂಚುತ್ತದೆ. ಸ್ಕ್ರೂಡ್ರೈವರ್ ಅದೇ ಬಲವನ್ನು ತೆಳು ತಗಡಿನ ಎರಡು ತೂತುಗಳ ಅಂಚಿನ ಮೇಲೆ ಹೇರುತ್ತದೆ. ಫಿಲ್ಟರ್ ಸಾಧಾರಣವಾಗಿ ಹಿಡಿದುಕೊಂಡಿದ್ದರೆ ತಗಡು ಆ ಬಲವನ್ನು ತಾಳಿಕೊಳ್ಳುತ್ತದೆ, ಫಿಲ್ಟರ್ ಬರುತ್ತದೆ. ಆದರೆ ಅಂಥ ಫಿಲ್ಟರ್ ಪಟ್ಟಿಗೂ ಬರುತ್ತಿತ್ತು. ನಿಜವಾಗಿ ಅಂಟಿಕೊಂಡಿದ್ದರೆ ತೂತು ಸೀಳಾಗುತ್ತದೆ, ಸೀಳು ಡಬ್ಬಿಯನ್ನು ಸುತ್ತಿಕೊಂಡು ಹರಿಯುತ್ತದೆ, ಡಬ್ಬಿಯ ತಳ ಕೈಗೆ ಬಂದು ತಟ್ಟೆ ಹೆಡ್‌ನಲ್ಲಿಯೇ ಉಳಿಯುತ್ತದೆ. ಹೀಗೆ ಈ ಉಪಾಯ ಬೇಡವಾದ ಕಡೆ ಫಲಿಸುತ್ತದೆ, ಬೇಕಾದ ಕಡೆ ಕೈಕೊಡುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಅದು ಹಿಂದಿರುಗುವ ದಾರಿಯನ್ನೇ ಮುಚ್ಚುತ್ತದೆ: ತೂತು ಬೀಳುವ ಮೊದಲು, ಆಯಿಲ್ ಇನ್ನೂ ಎಂಜಿನ್‌ನಲ್ಲಿದ್ದರೆ, ಟ್ರ್ಯಾಕ್ಟರನ್ನು ಗ್ಯಾರೇಜಿನವರೆಗೆ ನಡೆಸಿಕೊಂಡು ಹೋಗಬಹುದಿತ್ತು, ತೂತು ಬಿದ್ದ ಮೇಲೆ ಅದು ನಿಂತ ಜಾಗದಿಂದ ಕದಲುವಂತಿಲ್ಲ. ಮೊನಚಾದ ತಗಡಿನ ಅಂಚಿಗೆ ಕೈ ಕೊಯ್ದುಕೊಳ್ಳುವುದು, ಬಿಸಿ ಆಯಿಲ್ ಮೈಮೇಲೆ ಸುರಿಯುವುದು ಇವು ಇದರ ಜೊತೆಗೆ ಬರುವ ಕಷ್ಟಗಳು.

ಎಸೆಯುವ ವಸ್ತುವಾದ್ದರಿಂದ ಒಡೆದರೇನು ಎಂಬ ವಾದದ ದೋಷ ಇನ್ನೂ ಆಳವಾದದ್ದು. ಎಸೆಯುವುದು ಫಿಲ್ಟರನ್ನು, ಹೆಡ್ ಎಂಜಿನ್‌ನ ಜೊತೆಗೆ ಉಳಿಯುವಂಥದ್ದು. ಡಬ್ಬಿ ಹರಿದು ತಟ್ಟೆ ಉಳಿದಾಗ ಸಾಮಾನ್ಯವಾಗಿ ಕೈಗೆ ಬರುವ ಮುಂದಿನ ಆಯುಧ ಉಳಿ. ಅದನ್ನು ತಟ್ಟೆಗೂ ಹೆಡ್‌ಗೂ ನಡುವೆ ಇಟ್ಟು ಹೊಡೆದಾಗ ಗ್ಯಾಸ್ಕೆಟ್ ಕೂರುವ ನಯವಾದ ಮುಖದ ಮೇಲೆ ಗೀರು ಬೀಳುತ್ತದೆ. ಆ ಒಂದು ಗೀರು ಇನ್ನು ಮುಂದೆ ಹಾಕುವ ಪ್ರತಿಯೊಂದು ಫಿಲ್ಟರಿಗೂ ಸೋರಿಕೆಯ ಕಾಲುವೆಯಾಗುತ್ತದೆ, ಆ ಸೋರಿಕೆಯನ್ನು ನಿಲ್ಲಿಸಲು ಮತ್ತೆ ಅತಿಬಿಗಿತ, ಅತಿಬಿಗಿತದಿಂದ ಮತ್ತೆ ಅಂಟಿಕೊಳ್ಳುವಿಕೆ. ಕೆಲವು ನೂರು ರೂಪಾಯಿಯ ಫಿಲ್ಟರಿನ ನೆಪದಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಬೆಲೆಬಾಳುವ ಹೆಡ್ ಕೆಡುತ್ತದೆ. ಈ ಗಡಿಬಿಡಿಯಲ್ಲಿ ಇನ್ನೊಂದು ಅಪಾಯ ಕಣ್ತಪ್ಪುವುದುಂಟು: ಹಳೆಯ ಗ್ಯಾಸ್ಕೆಟ್ ಫಿಲ್ಟರಿನ ಜೊತೆ ಬಾರದೆ ಹೆಡ್‌ನ ಮುಖಕ್ಕೆ ಅಂಟಿ ಉಳಿದು, ಅದರ ಮೇಲೆಯೇ ಹೊಸ ಫಿಲ್ಟರ್ ಏರುತ್ತದೆ. ಎರಡು ಗ್ಯಾಸ್ಕೆಟ್‌ಗಳಲ್ಲಿ ಒಂದಕ್ಕೆ ಮಾತ್ರ ತೋಡಿನ ಆಸರೆ ಇರುವುದರಿಂದ, ಎಂಜಿನ್ ಚಾಲೂ ಆಗಿ ಒತ್ತಡ ಏರಿದಾಗ ಇನ್ನೊಂದು ಪಕ್ಕಕ್ಕೆ ಚಿಮ್ಮಿ ಆಯಿಲ್ ಧಾರೆಯಾಗಿ ಹೊರಬೀಳುತ್ತದೆ. ಉಳುಮೆಯ ಸದ್ದಿನಲ್ಲಿ ಚಾಲಕ ಆಯಿಲ್ ದೀಪವನ್ನು ಗಮನಿಸುವಷ್ಟರಲ್ಲಿ ಬೇರಿಂಗ್‌ಗಳು ಒಣಗಿ ಎಂಜಿನ್ ಸೀಜ್ ಆಗಬಹುದು. ಬಿಚ್ಚಿದ ಫಿಲ್ಟರನ್ನು ತಿರುವಿ ನೋಡಿ ಉಂಗುರ ಅದರ ತೋಡಿನಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳುವವನಿಗೆ ಈ ಅಪಾಯವಿಲ್ಲ. ಚೂರುಚೂರಾಗಿ ಒಡೆದು ತೆಗೆದವನಿಗೆ ಆ ಖಚಿತತೆ ಸುಲಭವಾಗಿ ಸಿಗುವುದಿಲ್ಲ.

ಹೊಲ ವರ್ಕ್‌ಶಾಪ್ ಅಲ್ಲ, ಹಳ್ಳಿಯಲ್ಲಿ ಬೆಲೆಬಾಳುವ ಉಪಕರಣಗಳಿಲ್ಲ, ಹದ ಮೀರುವ ಮೊದಲು ಬಿತ್ತನೆ ಮುಗಿಸಬೇಕಾದವನಿಗೆ ಪುಸ್ತಕದ ಕ್ರಮ ಪಾಲಿಸಲು ವ್ಯವಧಾನವಿಲ್ಲ ಎಂಬ ಮಾತನ್ನು ಕೊನೆಯ ರಕ್ಷಣೆಯಾಗಿ ಮುಂದಿಡುತ್ತಾರೆ. ರೈತನ ಅವಸರ ನಿಜವಾದದ್ದು, ಅದನ್ನು ಹಗುರವಾಗಿ ಕಾಣುವುದು ಅನ್ಯಾಯ. ಆದರೆ ಸರಿಯಾದ ಕ್ರಮಕ್ಕೆ ಬೇಕಾಗುವುದು ಒಂದು ಬಟ್ಟೆಯ ಚೂರು, ಬೆರಳಿಗೆ ಹತ್ತುವಷ್ಟು ಶುದ್ಧ ಆಯಿಲ್ ಮತ್ತು ಎರಡು ಕೈ. ಇದಕ್ಕಿಂತ ಅಗ್ಗದ ಕ್ರಮ ಬೇರೆ ಯಾವುದೂ ಇಲ್ಲ. ಅವಸರದವನನ್ನು ಹದದ ದಿನವೇ ಕಟ್ಟಿಹಾಕುವುದು ಅಡ್ಡದಾರಿ. ಫಿಲ್ಟರ್ ಬರಲಿಲ್ಲ, ಮುಂದಿನ ಸಲ ನೋಡೋಣ ಎಂದು ಆಯಿಲ್ ಮಾತ್ರ ಬದಲಾಯಿಸಿ ಕಳಿಸುವ ಪರಿಪಾಠವೂ ಈ ಅಡ್ಡದಾರಿಯ ಒಂದು ಕವಲೇ. ಕಾಗದ ಕಟ್ಟಿಕೊಂಡ ಮೇಲೆ ಬೈಪಾಸ್ ವಾಲ್ವ್, ಅಂದರೆ ಸೋಸುವ ದಾರಿ ಮುಚ್ಚಿದಾಗ ಎಂಜಿನ್‌ಗೆ ಆಯಿಲ್ ತಪ್ಪದಿರಲೆಂದು ತೆರೆದುಕೊಳ್ಳುವ ಒಂದು ಸ್ಪ್ರಿಂಗ್ ಬಾಗಿಲು, ಕೆಲಸಕ್ಕೆ ಇಳಿಯುತ್ತದೆ. ಅಲ್ಲಿಂದ ಮುಂದೆ ಹೊಸ ಆಯಿಲ್ ಕೂಡ ಸೋಸದೆಯೇ, ಲೋಹದ ಪುಡಿಯನ್ನು ಹೊತ್ತುಕೊಂಡೇ ಬೇರಿಂಗ್‌ಗಳನ್ನು ಸುತ್ತುತ್ತದೆ. ಹೊರಗಿನಿಂದ ಯಾವ ಲಕ್ಷಣವೂ ಕಾಣದಿರುವುದರಿಂದಲೇ ಇದು ಹೆಚ್ಚು ಅಪಾಯಕಾರಿ.

ಹಾಗಾದರೆ ನಿಜವಾಗಿಯೂ ಹಿಡಿದುಕೊಂಡ ಫಿಲ್ಟರಿನ ಮುಂದೆ ನಿಂತವನು ಮಾಡಬೇಕಾದದ್ದೇನು ಎಂಬುದನ್ನು ಹೇಳದೆ ಖಂಡನೆ ಪೂರ್ಣವಾಗದು. ಎಂಜಿನ್ ಕೆಲವು ನಿಮಿಷ ಓಡಿ ಬೆಚ್ಚಗಾಗಿ ನಿಂತಿರಬೇಕು, ಏಕೆಂದರೆ ಬೆಚ್ಚಗಿನ ರಬ್ಬರ್ ತಣ್ಣಗಿನದಕ್ಕಿಂತ ಮೆತ್ತಗಿರುತ್ತದೆ. ಕೈ ಸುಡುವಷ್ಟು ಕಾದಿರಬಾರದು. ಬೆಂಕಿಯ ಜ್ವಾಲೆ ಹಿಡಿದು ಕಾಯಿಸುವುದಂತೂ ಆಯಿಲ್, ಡೀಸೆಲ್ ಇರುವ ಕಡೆ ಸರ್ವಥಾ ಸಲ್ಲದು. ಆಯಿಲ್ ಇಳಿಸಿದ ಮೇಲೆ ಡಬ್ಬಿಯ ಹೊರಮೈಯನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಪಟ್ಟಿ ಜಾರುವುದಕ್ಕೆ ಫಿಲ್ಟರಿನ ಹಟಕ್ಕಿಂತ ಮೈಮೇಲಿನ ಜಿಡ್ಡೇ ಹೆಚ್ಚಿನ ಸಲ ಕಾರಣ. ತಿರುಗಿಸುವ ದಿಕ್ಕನ್ನು ಡಬ್ಬಿಯ ಮುಚ್ಚಿದ ತಳದ ಕಡೆಯಿಂದ ನೋಡಿಯೇ ನಿರ್ಧರಿಸಬೇಕು, ಆ ಕಡೆಯಿಂದ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಬೇಕು. ಫಿಲ್ಟರ್ ಅಡ್ಡಲಾಗಿಯೋ ಮೇಲ್ಮುಖವಾಗಿಯೋ ಕೂತಿರುವ ಎಂಜಿನ್‌ಗಳಲ್ಲಿ ಹೆಡ್‌ನ ಕಡೆಯಿಂದ ಬಗ್ಗಿ ನೋಡಿದವನು ದಿಕ್ಕು ತಪ್ಪಿ ಇನ್ನಷ್ಟು ಬಿಗಿಯುವುದು ಅಪರೂಪವೇನಲ್ಲ. ಪಟ್ಟಿಯನ್ನು ಡಬ್ಬಿಯ ನಡುವಿಗೆ ಹಾಕಿದರೆ ತಗಡು ಕುಸಿಯುತ್ತದೆ. ತಟ್ಟೆಯನ್ನು ಮಡಚಿ ಬಂಧಿಸಿದ ಅಂಚಿನ ಹತ್ತಿರ ಹಾಕಿದರೆ ಒಳಗಿನ ದಪ್ಪ ತಟ್ಟೆಯೇ ತಗಡಿಗೆ ಆಸರೆಯಾಗಿ ಬಲವೆಲ್ಲ ಗ್ಯಾಸ್ಕೆಟನ್ನು ತಲುಪುತ್ತದೆ. ಪಟ್ಟಿಗೂ ಡಬ್ಬಿಗೂ ನಡುವೆ ಎಮೆರಿ ಪೇಪರ್ ಸುತ್ತಿದರೆ ಹಿಡಿತ ಇನ್ನೂ ಹೆಚ್ಚುತ್ತದೆ. ಪಟ್ಟಿ ಸೋತರೆ ಚೈನ್ ರೆಂಚನ್ನು ಅದೇ ಜಾಗದಲ್ಲಿ ಬಳಸಬೇಕು. ಅದೂ ಇಲ್ಲದ ಕಡೆ ಹಳೆಯ ಫ್ಯಾನ್ ಬೆಲ್ಟಿನ ತುಂಡು, ಸೈಕಲ್ ಚೈನು, ಒಂದು ಗಟ್ಟಿ ಕೋಲು ಸೇರಿದರೆ ಅದೇ ಕೆಲಸ ಆಗುತ್ತದೆ.

ಡಬ್ಬಿ ಹರಿದು ತಟ್ಟೆ ಮಾತ್ರ ಉಳಿದಿರುವ ಸಂದರ್ಭದಲ್ಲಿಯೂ ರಚನೆಯ ಜ್ಞಾನವೇ ದಾರಿ ತೋರಿಸುತ್ತದೆ. ತಟ್ಟೆಯಲ್ಲಿ ಆಯಿಲ್ ಒಳಬರುವ ಸಣ್ಣ ರಂಧ್ರಗಳಿರುವುದರಿಂದ, ಉಳಿದ ತಗಡನ್ನೂ ಕಾಗದವನ್ನೂ ಜಾಗರೂಕತೆಯಿಂದ ಕತ್ತರಿಸಿ ತೆಗೆದು, ಎದುರುಬದುರಾದ ಎರಡು ರಂಧ್ರಗಳಿಗೆ ಗಟ್ಟಿ ಕಡ್ಡಿಗಳನ್ನು ಇಳಿಸಿ, ಅವುಗಳ ನಡುವೆ ಸನ್ನೆಗೋಲು ಹಾಯಿಸಿ ತಿರುಗಿಸಬಹುದು. ಇಲ್ಲವೇ ಒಂದು ರಂಧ್ರದ ಅಂಚಿಗೆ ಮೊಂಡು ಕಡ್ಡಿಯನ್ನು ಓರೆಯಾಗಿ ಇಟ್ಟು ಬಿಚ್ಚುವ ದಿಕ್ಕಿನಲ್ಲಿ ಹಗುರವಾಗಿ ತಟ್ಟುತ್ತ ಹೋಗಬಹುದು. ಕಡ್ಡಿ ಹೆಡ್‌ನ ಮುಖಕ್ಕೆ ತಾಗದಂತೆ, ತಟ್ಟೆಗೂ ಹೆಡ್‌ಗೂ ನಡುವೆ ಯಾವ ಹರಿತವಾದ ಉಪಕರಣವೂ ಹೋಗದಂತೆ ನೋಡಿಕೊಳ್ಳುವುದು ಇಲ್ಲಿಯ ಏಕೈಕ ನಿ‍ಷೇಧ. ತಟ್ಟೆ ಬಂದ ಮೇಲೆ ನಿಪ್ಪಲ್ ಅದರ ಜೊತೆಯಲ್ಲಿಯೇ ಬಿಚ್ಚಿಕೊಂಡು ಬಂದಿದೆಯೇ ಎಂದು ನೋಡಿ, ಬಂದಿದ್ದರೆ ಅದನ್ನು ಹೆಡ್‌ಗೆ ಮತ್ತೆ ಸರಿಯಾಗಿ ಕೂರಿಸಿಯೇ ಮುಂದುವರಿಯಬೇಕು.

ಹೊಸದನ್ನು ಹಾಕುವ ಕ್ರಮ ಇದಕ್ಕಿಂತ ಬಹಳ ಚಿಕ್ಕದು: ಹೆಡ್‌ನ ಮುಖವನ್ನು ಒರೆಸಿ ಬೆರಳಾಡಿಸಿ ನೋಡುವುದು, ಹೊಸ ಗ್ಯಾಸ್ಕೆಟ್‌ನ ಸುತ್ತ ಶುದ್ಧ ಆಯಿಲ್ ಸವರುವುದು, ಥ್ರೆಡ್ ಅಡ್ಡಹಿಡಿಯದಂತೆ ನೇರವಾಗಿ ಏರಿಸುವುದು, ತಾಗಿದ ಜಾಗದಲ್ಲಿ ಡಬ್ಬಿಯ ಮೇಲೆ ಒಂದು ಗುರುತು ಹಾಕಿ ಅಲ್ಲಿಂದ ಮುಕ್ಕಾಲು ಸುತ್ತು ಕೈಯಿಂದ ತಿರುಗಿಸುವುದು, ಎಂಜಿನ್ ಚಾಲೂ ಮಾಡಿ ಕೆಲವು ನಿಮಿಷ ಸೋರಿಕೆಯನ್ನು ಗಮನಿಸುವುದು. ಸೋರಿದರೆ ಬಿಗಿಯಬಾರದು, ಬಿಚ್ಚಿ ಕಾರಣ ಹುಡುಕಬೇಕು. ಬಿಚ್ಚುವಾಗ ಪಟ್ಟಿಗೆ ಅವಕಾಶವಿದೆ, ಹಾಕುವಾಗ ಇಲ್ಲ ಎಂಬ ಒಂದೇ ನಿಯಮವನ್ನು ಪಾಲಿಸಿದರೂ ಈ ಲೇಖನದಲ್ಲಿ ವಿವರಿಸಿದ ಕಷ್ಟಗಳಲ್ಲಿ ಹೆಚ್ಚಿನವು ಹುಟ್ಟುವುದೇ ಇಲ್ಲ.

ಇಷ್ಟು ಸರಳವಾದ ಕ್ರಮ ರೂಢಿಗೆ ಬಾರದಿರುವುದಕ್ಕೆ ಬಹುಶಃ ಮುಖ್ಯ ಕಾರಣ, ತಪ್ಪಿನ ಫಲ ತಪ್ಪು ಮಾಡಿದವನ ಪಾಲಿಗೆ ಬಾರದಿರುವುದು. ಒಬ್ಬ ಬಿಗಿಯುತ್ತಾನೆ, ತಿಂಗಳುಗಳ ನಂತರ ಇನ್ನೊಬ್ಬ ಬಿಚ್ಚುತ್ತಾನೆ, ಹೆಡ್ ಕೆಟ್ಟಾಗ ಬೆಲೆ ತೆರುವವನು ಮಾಲೀಕ. ಟ್ರ್ಯಾಕ್ಟರ್ ಒಂದೇ ಮನೆಯದಾಗಿದ್ದಾಗಲೇ ಹೀಗಾದರೆ, ಕರ್ನಾಟಕ ಸರ್ಕಾರದ ಕೃಷಿ ಯಂತ್ರಧಾರೆ ಕೇಂದ್ರಗಳಂಥ ಬಾಡಿಗೆ ವ್ಯವಸ್ಥೆಯಲ್ಲಿ, ಒಂದೇ ಯಂತ್ರ ಹಲವರ ಕೈ ದಾಟುವ ಕಡೆ, ಹೊಣೆ ಇನ್ನೂ ಹಂಚಿಹೋಗುತ್ತದೆ. ಹಾಕಿದ ದಿನಾಂಕ, ಅವರ್ ಮೀಟರಿನ ಅಂಕಿ, ಹಾಕಿದವನ ಹೆಸರು, ಈ ಮೂರನ್ನು ಅಳಿಸದ ಪೆನ್ನಿನಿಂದ ಡಬ್ಬಿಯ ಮೇಲೆಯೇ ಬರೆಯುವ ಪದ್ಧತಿಯೊಂದು ಇಂಥ ಕೇಂದ್ರಗಳಲ್ಲಿ ಜಾರಿಗೆ ಬಂದರೆ ಖರ್ಚಿಲ್ಲದೆ ಆ ಹೊಣೆ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಕರ್ನಾಟಕದ ಗಡಿಗೆ ಹತ್ತಿರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯಿದೆ, ಐಟಿಐಗಳಲ್ಲಿ ಟ್ರ್ಯಾಕ್ಟರ್ ಮೆಕ್ಯಾನಿಕ್ ವೃತ್ತಿಯ ಕಲಿಕೆಯಿದೆ. ಇಂಥ ಕಡೆಗಳಲ್ಲಿ ಕಲಿಯುವವನ ಪರೀಕ್ಷೆ ಹೊಸ ಫಿಲ್ಟರ್ ಹಾಕುವುದರೊಂದಿಗೆ ಮುಗಿಯದೆ, ಅವನು ಹಾಕಿ ಓಡಿಸಿದ ಫಿಲ್ಟರನ್ನು ಇನ್ನೊಬ್ಬ ಕಲಿಯುವವನು ಬಿಚ್ಚುವುದರವರೆಗೆ ಮುಂದುವರಿಯಬೇಕು.

ಏಕೆಂದರೆ ನಿರ್ವಹಣೆಯೆಂಬುದು ಒಂದು ಸಲ ಮಾಡಿ ಮುಗಿಸುವ ಕೆಲಸವಲ್ಲ. ಪ್ರತಿಯೊಂದು ಬಿಗಿಯುವಿಕೆಯೂ ಮುಂದೊಂದು ದಿನ ಯಾರೋ ಬಿಚ್ಚಬೇಕಾದ ಬಿಗಿಯುವಿಕೆ. ಗಟ್ಟಿಯಾಗಿ ಬಿಗಿದವನನ್ನು ಮೆಚ್ಚಿ, ಒಡೆದು ತೆಗೆದವನನ್ನು ಹೊಗಳಿ, ಇಬ್ಬರಿಗೂ ಕೂಲಿ ಕೊಡುತ್ತ ಬಂದಿರುವ ರೂಢಿಯು ಒಬ್ಬನ ತಪ್ಪನ್ನು ಇನ್ನೊಬ್ಬನ ಸಾಹಸವೆಂದು ಎಣಿಸುತ್ತಿದೆ. ಈ ಎಣಿಕೆ ಬದಲಾಗಬೇಕಾದರೆ ಟ್ರ್ಯಾಕ್ಟರ್ ಮಾಲೀಕರು ಗ್ಯಾರೇಜಿನಲ್ಲಿ ನಿಂತು ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಎಷ್ಟು ಬಿಗಿದಿರಿ ಎಂಬುದಲ್ಲ, ಮುಂದಿನ ಸಲ ಇದು ಕೈಗೆ ಬರುತ್ತದೆಯೇ ಎಂಬುದು. ಬರುತ್ತದೆ ಎಂದು ಧೈರ್ಯವಾಗಿ ಹೇಳಬಲ್ಲ ಮಿಸ್ತ್ರಿಯೇ ಸೋರದ ಫಿಲ್ಟರನ್ನೂ ಹಾಕಬಲ್ಲನು, ಏಕೆಂದರೆ ಎರಡಕ್ಕೂ ಬೇಕಾದ ಜ್ಞಾನ ಒಂದೇ.